ಫೌಂಟನ್ ಪೆನ್ನೂ ಕಾಗದವೂ

ಬರವಣಿಗೆಗೆ ಬೇಕಾದ ಸಾಧನಗಳು ಮೂರು: ಲೇಖನಿ, ಮಸಿ, ಕಾಗದ. ಇವು ಒಲೆಯ ಮೂರು ಗುಂಡುಗಳಿದ್ದಂತೆ. ಒಂದು ಕದಲಿದರೂ ಮೇಲಣ ಪಾತ್ರೆ ಉರುಳುತ್ತದೆ. ಆದರೆ ಬರೆಯಬೇಕೆಂಬ ಹಂಬಲದಿಂದ ಅಂಗಡಿಗೆ ಹೋದವನ ಕಣ್ಣು ಮೊದಲು ಬೀಳುವುದು ಲೇಖನಿಯ ಮೇಲೆ. ಕೈಯಲ್ಲಿದ್ದ ಹಣವೆಲ್ಲ ಅದಕ್ಕೆ ವ್ಯಯವಾದ ತರುವಾಯ ಮಸಿಯ ನೆನಪಾಗುತ್ತದೆ. ಕಾಗದದ ಯೋಚನೆಯಂತೂ ಬರುವುದೇ ಇಲ್ಲ. ಬಹುಕಾಲ ಮೂಲೆ ಸೇರಿದ್ದ ಫೌಂಟನ್ ಪೆನ್ನು ಈಚೆಗೆ ಕೆಲವು ಮನೆಗಳಿಗೆ ಮರಳಿ ಬರುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಹಾಗೆ ಬಂದ ಪೆನ್ನುಗಳಲ್ಲಿ ಎಷ್ಟೋ ಹದಿನೈದು ದಿನಗಳೊಳಗಾಗಿ ಮೇಜಿನ ಖಾನೆಯನ್ನು ಸೇರುತ್ತವೆ. ಏಕೆಂದು ಕೇಳಿದರೆ, ಮಸಿ ಹರಡಿತು, ಹಾಳೆಯ ಹಿಂಬದಿಗೆ ಇಳಿಯಿತು, ಅಕ್ಷರ ಕಲಸಿಹೋಯಿತು ಎಂಬ ಉತ್ತರ ದೊರೆಯುತ್ತದೆ. ಅಪರಾಧಿಯೆಂದು ಖಾನೆಯಲ್ಲಿ ಸೆರೆಯಾದದ್ದು ಪೆನ್ನು. ಅಪರಾಧ ಮಾಡಿದ್ದು ಬಹುಮಟ್ಟಿಗೆ ಕಾಗದ. ಈ ಸಾಧನಗಳನ್ನು ಹೊಸದಾಗಿ ಕೈಗೆತ್ತಿಕೊಳ್ಳುವವರಿಗೆ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿಚಾರಮಾಡಬಹುದಾಗಿದೆ.

ಲೇಖನಿಗೂ ಹಾಳೆಗೂ ಇರುವ ನಂಟು ಇಂದಿನದಲ್ಲ. ಕನ್ನಡ ನಾಡಿನಲ್ಲಿ ಅನೇಕ ಶತಮಾನಗಳ ಕಾಲ ಗ್ರಂಥಗಳು ಉಳಿದು ಬಂದದ್ದು ತಾಳೆಯೋಲೆಯ ಮೇಲೆ. ಅಲ್ಲಿ ಬರೆಯುವುದೆಂದರೆ ಕೊರೆಯುವುದು. ಕಬ್ಬಿಣದ ಕಂಠದ ಮೊನೆಯಿಂದ ಓಲೆಯ ಮೇಲೆ ಗೀರಿ, ಆಮೇಲೆ ಕಾಡಿಗೆಯನ್ನು ಸವರಿ ಒರಸಿದರೆ, ಗೀರಿದ ಎಡೆಯಲ್ಲಿ ಮಾತ್ರ ಕಪ್ಪು ನಿಂತು ಅಕ್ಷರ ಕಾಣಿಸುವುದು. ಓಲೆಯ ನಾರು ಉದ್ದಕ್ಕೆ ಹರಿಯುವುದರಿಂದ, ನೇರವಾದ ಅಡ್ಡಗೆರೆಗಳನ್ನು ಎಳೆದರೆ ಓಲೆ ಸೀಳುವ ಭಯವಿದೆ. ಕನ್ನಡದ ಅಕ್ಷರಗಳು ಗುಂಡಗಾದುದಕ್ಕೆ ಇದೂ ಒಂದು ಕಾರಣವೆಂದು ಹೇಳುವುದುಂಟು. ಅದು ಹೇಗೇ ಇರಲಿ, ಕಂಠದ ಮೊನೆ ಯಾವ ಕಡೆಗೆ ತಿರುಗಿದರೂ ಗೆರೆಯ ದಪ್ಪ ಒಂದೇ ಆಗಿರುತ್ತಿತ್ತೆಂಬುದು ನಿಶ್ಚಯ. ದೇವನಾಗರಿಯ ರೀತಿ ಬೇರೆ. ಅದು ತುದಿಯನ್ನು ಓರೆಯಾಗಿ ಕತ್ತರಿಸಿದ ಜೊಂಡಿನ ಲೆಕ್ಕಣಿಕೆಯಿಂದ ಬೆಳೆದ ಬರಹ. ಆದುದರಿಂದ ಅದರಲ್ಲಿ ಒಂದೇ ಅಕ್ಷರದಲ್ಲಿ ದಪ್ಪಗೆರೆಯೂ ತೆಳುಗೆರೆಯೂ ಕೂಡಿರುತ್ತವೆ. ಕನ್ನಡದ ಬರಹಕ್ಕೆ ಬೇಕಾದುದು ಏಕಪ್ರಕಾರವಾಗಿ, ತಡೆಯಿಲ್ಲದೆ ಸುತ್ತಿ ಬರುವ ತೆಳುಗೆರೆ. ಇನ್ನು ವರ್ತಕರೂ ಮಠಗಳೂ ಲೆಕ್ಕಪತ್ರಗಳಿಗಾಗಿ ಇಟ್ಟುಕೊಳ್ಳುತ್ತಿದ್ದುದು ಕಡತವನ್ನು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿಯ ಮಠದಲ್ಲಿ ಇಂಥ ಕಡತಗಳು ಹೇರಳವಾಗಿ ಉಳಿದುಬಂದಿವೆ. ಓಲೆಗೆ ಕಂಠ, ಕಡತಕ್ಕೆ ಬಳಪ, ಕಾಗದಕ್ಕೆ ಲೆಕ್ಕಣಿಕೆ: ಹಿಂದಿನವರು ಹಾಳೆಯನ್ನು ನೋಡಿ ಲೇಖನಿಯನ್ನು ಆರಿಸಿದರೇ ಹೊರತು, ಲೇಖನಿಯನ್ನು ಕೊಂಡು ತಂದು ಹಾಳೆಗಾಗಿ ಪರದಾಡಲಿಲ್ಲ.

ಲೆಕ್ಕಣಿಕೆಯ ಸ್ಥಾನಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಉಕ್ಕಿನ ಮುಳ್ಳು ಬಂತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಕಾರ್ಖಾನೆಗಳು ಅದನ್ನು ರಾಶಿರಾಶಿಯಾಗಿ ತಯಾರಿಸಿ ಲೋಕಕ್ಕೆಲ್ಲ ಹಂಚಿದವು. ಆದರೆ ಕೆಲವು ಪದಗಳಿಗೊಮ್ಮೆ ಮಸಿಕುಡಿಕೆಯಲ್ಲಿ ಅದ್ದುವ ಕಷ್ಟ ತಪ್ಪಲಿಲ್ಲ. ಮಸಿಯನ್ನು ಲೇಖನಿಯ ಒಡಲಲ್ಲಿಯೇ ತುಂಬಿಡುವ ಯತ್ನಗಳು ಹಲವು ನಡೆದವು. ಆದರೆ ಆ ಲೇಖನಿಗಳಲ್ಲಿ ಮಸಿ ಒಂದೋ ಇಳಿಯಲೊಲ್ಲದು, ಇಲ್ಲವೆ ಒಮ್ಮೆಗೇ ಸುರಿದುಬಿಡುವುದು. ಅಮೆರಿಕಾ ದೇಶದಲ್ಲಿ ವಿಮೆಯ ವ್ಯವಹಾರ ಮಾಡುತ್ತಿದ್ದ ಲೂಯಿ ಎಡ್ಸನ್ ವಾಟರ್‌ಮನ್ ಎಂಬುವನು ೧೮೮೪ರಲ್ಲಿ ಹಕ್ಕುಪತ್ರ ಪಡೆದ ರಚನೆಯಿಂದ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಯಿತು.

ಅವನ ರಚನೆಯ ಮರ್ಮವನ್ನು ತಿಳಿದರೆ ಪೆನ್ನಿನ ಸ್ವಭಾವವೆಲ್ಲ ತಿಳಿದಂತೆಯೇ. ಬಾಯಿ ಕಿರಿದಾದ ತುಂಬಿದ ಸೀಸೆಯನ್ನು ತಲೆಕೆಳಗು ಮಾಡಿದರೆ ನೀರು ಗುಳುಗುಳು ಎಂದು ತಡೆತಡೆದು ಬರುವುದನ್ನು ಎಲ್ಲರೂ ಕಂಡಿದ್ದಾರೆ. ಎಷ್ಟು ನೀರು ಹೊರಗೆ ಬರುವುದೋ ಅಷ್ಟು ಗಾಳಿ ಒಳಗೆ ಹೋಗಬೇಕು. ಎರಡಕ್ಕೂ ಒಂದೇ ದಾರಿಯಾದರೆ ಜಗಳ. ವಾಟರ್‌ಮನ್ನನು ಮುಳ್ಳಿನ ಕೆಳಗೆ ಒಂದು ನಾಲಗೆಯನ್ನಿಟ್ಟು, ಅದರಲ್ಲಿ ಕೂದಲೆಳೆಯಂಥ ಸಣ್ಣ ಕಾಲುವೆಗಳನ್ನು ಕೊರೆದು, ಮಸಿ ಇಳಿಯುವುದಕ್ಕೂ ಗಾಳಿ ಏರುವುದಕ್ಕೂ ಅನುಕೂಲಮಾಡಿದನು. ಇಂಥ ಕಿರಿದಾದ ಎಡೆಯಲ್ಲಿ ದ್ರವವು ತಾನಾಗಿಯೇ ಸೆಳೆಯಲ್ಪಡುವುದಕ್ಕೆ ಕೇಶಾಕರ್ಷಣವೆಂದು ಹೆಸರು. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದು ಇದರಿಂದಲೇ. ಮುಳ್ಳಿನ ನಡುವಣ ಸೀಳು ಆ ಮಸಿಯನ್ನು ತುದಿಯವರೆಗೆ ತರುತ್ತದೆ. ತುದಿಯಲ್ಲಿರುವುದು ಬರಿಯ ಉಕ್ಕಲ್ಲ, ಚಿನ್ನವೂ ಅಲ್ಲ; ಆಸ್ಮಿಯಂ, ಇರಿಡಿಯಂ ಮೊದಲಾದ ಕಠಿನಲೋಹಗಳ ಮಿಶ್ರಣದ ಒಂದು ಕಿರುಗುಂಡು. ಅದು ಕಾಗದವನ್ನು ಸೋಕಿದೊಡನೆ ಮಸಿ ಇಳಿಯುತ್ತದೆ. ಇಲ್ಲಿ ಬಲಪ್ರಯೋಗಕ್ಕೆ ಅವಕಾಶವೇ ಇಲ್ಲ. ಸೋಕಿದರೆ ಸಾಕು, ಒತ್ತಬೇಕಾದುದಿಲ್ಲ; ಈ ಒಂದು ಮಾತನ್ನು ಅರಿಯದೆಯೇ ಎಷ್ಟೋ ಒಳ್ಳೆಯ ಮುಳ್ಳುಗಳು ಬಾಯಿಬಿಟ್ಟುಕೊಂಡು ಕೆಟ್ಟಿವೆ.

ಒತ್ತುವ ಅಭ್ಯಾಸ ಎಲ್ಲಿಂದ ಬಂತು? ಅದು ಬಾಲ್‌ಪಾಯಿಂಟ್ ಪೆನ್ನಿನಿಂದ ಬಂದದ್ದು. ಹಂಗೆರಿಯ ಪತ್ರಕರ್ತ ಲಾಸ್ಲೋ ಬೀರೋ ಎಂಬುವನು ೧೯೩೮ರಲ್ಲಿ ಅದಕ್ಕೆ ಬ್ರಿಟಿಷ್ ಹಕ್ಕುಪತ್ರ ಪಡೆದನು. ೧೯೪೫ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಬಾಲ್‌ಪಾಯಿಂಟ್ ಪೆನ್ನು ಮಾರಾಟಕ್ಕೆ ಬಂದಾಗ ಜನ ಮುಗಿಬಿದ್ದು ಕೊಂಡರು. ಅದರ ಮಸಿ ಎಣ್ಣೆಯಂತೆ ಮಂದವಾದದ್ದು, ತುದಿಯ ಗುಂಡು ಉರುಳಿದರಷ್ಟೇ ಅದು ಕಾಗದಕ್ಕೆ ಬರುತ್ತದೆ, ಉರುಳಬೇಕಾದರೆ ಒತ್ತಬೇಕು. ಅದರ ಉಪಕಾರವನ್ನು ಅಲ್ಲಗಳೆಯಬಾರದು. ಅದು ಅಗ್ಗ, ಜೇಬಿನಲ್ಲಿ ಸೋರದು, ಎಂಥ ಒರಟು ಕಾಗದದ ಮೇಲೂ ಓಡುತ್ತದೆ. ಬಡವರ ಮಕ್ಕಳ ಕೈಗೂ ಲೇಖನಿಯನ್ನು ತಲುಪಿಸಿದ ಪುಣ್ಯ ಅದರದು. ಆದರೆ ಶಾಲೆಯ ಹುಡುಗರ ಬರವಣಿಗೆ ಪುಸ್ತಕವನ್ನು ತಿರುವಿ ಹಾಕಿ ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಿದವರಿಗೆ ಒಂದು ಸಂಗತಿ ತಿಳಿಯುತ್ತದೆ. ಅಲ್ಲಿ ಅಕ್ಷರಗಳು ಉಬ್ಬು ಶಿಲ್ಪದಂತೆ ಎದ್ದು ನಿಂತಿರುತ್ತವೆ. ಹಾಗೆ ಅದುಮಿ ಬರೆಯುವ ಕೈ ಅರ್ಧಗಂಟೆಯಲ್ಲಿ ದಣಿಯುತ್ತದೆ. ದಣಿದ ಕೈ ಸುತ್ತುಗಳನ್ನು ಮೊಟಕು ಮಾಡುತ್ತದೆ. ಸುತ್ತು ಮೊಟಕಾದರೆ ಪ ಯಾವುದು ವ ಯಾವುದು, ಘ ಯಾವುದು ಫ ಯಾವುದು ಎಂದು ಬರೆದವನಿಗೇ ಗೊತ್ತಾಗದು. ಒತ್ತಕ್ಷರಗಳಂತೂ ಮೇಲಿನ ಅಕ್ಷರದ ಕಾಲಿಗೆ ಸಿಕ್ಕಿಕೊಂಡ ಮುಳ್ಳಿನಂತಾಗುತ್ತವೆ. ಹುಡುಗನ ಅಕ್ಷರ ಕೆಟ್ಟದೆಂದು ಬೈಯುವುದು ಸುಲಭ. ಅವನ ಬೆರಳುಗಳು ಎಷ್ಟು ಭಾರ ಹೊರುತ್ತಿವೆಯೆಂದು ನೋಡುವವರು ವಿರಳ. ಬೆರಳಿನ ಗಿಣ್ಣುಗಳು ಬಿಗಿದುಕೊಂಡ ವೃದ್ಧರಿಗೂ ಇದೇ ಕಷ್ಟ. ಒತ್ತದೆ ಬರೆಯಬಹುದಾದ ಲೇಖನಿಯೊಂದು ಇದೆಯೆಂಬುದು ಇವರಿಬ್ಬರಿಗೂ ದೊಡ್ಡ ಸಹಾಯವೇ.

ಹೀಗಿರಲು, ಮೊದಲ ಪೆನ್ನನ್ನು ಹೇಗೆ ಆರಿಸಬೇಕು? ಬೆಲೆಯನ್ನು ನೋಡಿ ಅಲ್ಲ. ಚಿನ್ನದ ಮುಳ್ಳು ಮೆತ್ತಗಿರಬಹುದು, ತುಕ್ಕು ಹಿಡಿಯದಿರಬಹುದು. ಆದರೆ ಕಾಗದವನ್ನು ಸೋಕುವುದು ಅದರ ತುದಿಯ ಕಿರುಗುಂಡೇ ಹೊರತು ಚಿನ್ನವಲ್ಲ. ಕೆಲವು ನೂರು ರೂಪಾಯಿಗಳೊಳಗಣ ಉಕ್ಕಿನ ಮುಳ್ಳಿನ ಪೆನ್ನು ಕಲಿಯುವವನಿಗೆ ಧಾರಾಳವಾಗಿ ಸಾಕು. ನೋಡಬೇಕಾದುದು ಮುಳ್ಳಿನ ತೆಳುವನ್ನು. ದಪ್ಪ ಮುಳ್ಳಿನಿಂದ ಬರೆದರೆ ರೋಮನ್ ಅಕ್ಷರಗಳು ಶೋಭಿಸಬಹುದು; ಕನ್ನಡದ ಅಕ್ಷರಗಳ ಒಳಗಣ ಕಣ್ಣುಗಳು ಮುಚ್ಚಿಹೋಗುತ್ತವೆ. ಸಾಧಾರಣ ಗಾತ್ರದ ಬರಹಕ್ಕೆ ‘ಫೈನ್’ ಎಂಬ ಗುರುತಿನ ಮುಳ್ಳೇ ಸರಿಯಾದುದು. ಜಪಾನಿನ ಮುಳ್ಳುಗಳು ಅದೇ ಗುರುತಿನ ಯೂರೋಪಿನ ಮುಳ್ಳುಗಳಿಗಿಂತ ಸಾಮಾನ್ಯವಾಗಿ ಇನ್ನೂ ತೆಳುವಾಗಿರುತ್ತವೆ; ಒತ್ತಕ್ಷರಗಳನ್ನು ಸಣ್ಣದಾಗಿ ಬರೆಯುವವರಿಗೆ ಅವು ಅನುಕೂಲ. ಸ್ವದೇಶದ ಪೆನ್ನುಗಳೂ ಇವೆ. ಗೋದಾವರೀ ತೀರದ ರಾಜಮಹೇಂದ್ರಿಯಲ್ಲಿ ೧೯೩೨ರಲ್ಲಿ ಆರಂಭವಾದ ರತ್ನಂ ಪೆನ್ನುಗಳ ತಯಾರಿಕೆ ಸ್ವದೇಶೀ ಚಳವಳಿಯ ಫಲ; ಅಲ್ಲಿಯ ಪೆನ್ನನ್ನು ಉಪಯೋಗಿಸಿ ನೋಡಿ ೧೯೩೫ರಲ್ಲಿ ಗಾಂಧೀಜಿಯವರು ಮೆಚ್ಚಿ ಪತ್ರ ಬರೆದರು. ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರಿನಿಂದ, ಅಂದರೆ ಎಬೊನೈಟಿನಿಂದ, ಕಡೆದು ಮಾಡಿದ ಇಂಥ ಪೆನ್ನುಗಳ ಒಡಲಿಗೆ ಮಸಿಯನ್ನು ಗಾಜಿನ ಕೊಳವೆಯಿಂದ ತೊಟ್ಟು ತೊಟ್ಟಾಗಿ ತುಂಬುವುದು ಹಳೆಯ ಪದ್ಧತಿ. ಇದರಲ್ಲಿ ಬಹಳ ಮಸಿ ಹಿಡಿಯುತ್ತದೆ. ಆದರೆ ಮಸಿ ಅರ್ಧಕ್ಕಿಂತ ಕಡಿಮೆಯಾದಾಗ ಕೈಯ ಬಿಸಿಗೆ ಒಳಗಣ ಗಾಳಿ ಹಿಗ್ಗಿ, ಒಂದು ತೊಟ್ಟನ್ನು ಹಾಳೆಯ ಮೇಲೆ ತಳ್ಳಿಬಿಡುವುದುಂಟು. ಆದುದರಿಂದ ಪೂರ್ತಿ ಬರಿದಾಗುವವರೆಗೆ ಕಾಯದೆ ಮತ್ತೆ ತುಂಬಬೇಕು. ಹೊಸಬರಿಗೆ, ತಿರುಪಿದರೆ ಮಸಿಯನ್ನು ತಾನೇ ಹೀರಿಕೊಳ್ಳುವ ಕೊಳವೆಯಿರುವ ಪೆನ್ನು ಹೆಚ್ಚು ನಿರಪಾಯವಾದುದು.

ಪೆನ್ನು ಸಿದ್ಧವಾದ ಮೇಲೆ ಮಸಿ. ಇದರಲ್ಲಿ ಮೊದಲನೆಯ ನಿಷೇಧ ಚಿತ್ರಕಾರರ ಕಪ್ಪು ಮಸಿಗೆ. ದೀಪದ ಕಾಡಿಗೆಯನ್ನು ಅಂಟಿನಲ್ಲಿ ಅರೆದು ಮಾಡುವ ಮಸಿ ಓಲೆಗೂ ಕುಂಚಕ್ಕೂ ಶ್ರೇಷ್ಠವಾದರೂ, ಫೌಂಟನ್ ಪೆನ್ನಿನ ಕಾಲುವೆಗಳಲ್ಲಿ ಒಣಗಿ ಕಲ್ಲಾಗುತ್ತದೆ. ಪೆನ್ನಿಗೆಂದೇ ಮಾಡಿದ ಮಸಿ ಬಹುಮಟ್ಟಿಗೆ ನೀರಿನಲ್ಲಿ ಕರಗಿಸಿದ ಬಣ್ಣ. ಈ ದೇಶದಲ್ಲಿ ದಾಂಡೇಕರರು ೧೯೩೧ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ, ಇಂದು ಕ್ಯಾಮ್ಲಿನ್ ಎಂದು ಹೆಸರಾದ ಉದ್ಯಮವೂ, ೧೯೩೪ರಲ್ಲಿ ವಂಗದೇಶದಲ್ಲಿ ಹುಟ್ಟಿದ ಸುಲೇಖಾ ಮಸಿಯೂ ಪರದೇಶದ ಮಸಿಗೆ ಪ್ರತಿಯಾಗಿ ನಿಂತವು. ಬಣ್ಣದ ಮಸಿ ಪೆನ್ನಿಗೆ ಸುಖ, ಬಟ್ಟೆಗೆ ಬಿದ್ದರೂ ತೊಳೆದರೆ ಹೋಗುತ್ತದೆ. ಆದರೆ ಬಟ್ಟೆಯಿಂದ ಹೋಗುವುದು ಕಾಗದದಿಂದಲೂ ಹೋದೀತೆಂಬುದನ್ನು ಮರೆಯಬಾರದು.

ಮಲೆನಾಡಿನ ಒಂದು ಮನೆಯಲ್ಲಿ ನಡೆದುದನ್ನು ಇಲ್ಲಿ ಹೇಳುವುದು ಉಚಿತ. ಆ ಮನೆಯ ಮಗ ದೂರದ ಊರಿನಲ್ಲಿ ಉದ್ಯೋಗದಲ್ಲಿದ್ದು, ತಾಯಿಗೆ ಪಕ್ಷಕ್ಕೊಂದು ಕಾಗದವನ್ನು ತಪ್ಪದೆ ಬರೆಯುತ್ತಿದ್ದನು. ದುಂಡಾದ ಅಕ್ಷರ, ಒಳ್ಳೆಯ ಪೆನ್ನು, ತಿಳಿನೀಲಿ ಮಸಿ. ಅವನು ಅಲ್ಪಾಯುಷಿಯಾಗಿ ತೀರಿಕೊಂಡ ಮೇಲೆ ತಾಯಿ ಆ ಕಾಗದಗಳನ್ನೆಲ್ಲ ಒಂದು ವಸ್ತ್ರದಲ್ಲಿ ಕಟ್ಟಿ, ಮನೆಯ ಹಳೆಯ ಪತ್ರಗಳ ಜೊತೆಗೆ ಅಟ್ಟದ ಮೇಲೆ ಇಟ್ಟಿದ್ದಳು. ಒಂದು ಆಷಾಢದಲ್ಲಿ ಹೆಂಚು ಜಾರಿ ರಾತ್ರಿಯೆಲ್ಲ ನೀರು ಸೋರಿತು. ಬೆಳಿಗ್ಗೆ ಗಂಟನ್ನು ಬಿಚ್ಚಿದಾಗ, ಮಗನ ತಾತ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಸೇರಿಸಿ ಮನೆಯಲ್ಲಿಯೇ ಮಾಡಿದ ಮಸಿಯಿಂದ ಬರೆದ ಬತ್ತದ ಲೆಕ್ಕ ಒಂದಕ್ಷರವೂ ಅಳಿಯದೆ ನಿಂತಿತ್ತು. ಯಾರು ಎಷ್ಟು ಖಂಡುಗ ಕೊಂಡೊಯ್ದರು, ಎಷ್ಟು ಹಿಂದಿರುಗಿಸಿದರು ಎಂಬುದೆಲ್ಲ ಸ್ಪಷ್ಟ. ಮಗನ ಮಾತು ಮಾತ್ರ ಹಾಳೆಯ ಮೇಲೆ ನೀಲಿಯ ಮೋಡವಾಗಿತ್ತು. ಒತ್ತಿ ಬರೆದಿದ್ದರೆ ಗೀರಿನ ಗುರುತಾದರೂ ಉಳಿಯುತ್ತಿತ್ತು; ಹಗುರವಾದ ಕೈ ಅದನ್ನೂ ಬಿಟ್ಟಿರಲಿಲ್ಲ. ತಾಯಿ ಆ ಹಾಳೆಗಳನ್ನು ನೆರಳಿನಲ್ಲಿ ಒಣಗಿಸಿ, ಮಡಿಕೆ ಇದ್ದಂತೆಯೇ ಮಡಿಸಿ, ಮತ್ತೆ ಕಟ್ಟಿಟ್ಟಳು.

ಅಳಲೆಕಾಯಿಯ ಮಸಿ ಏಕೆ ಉಳಿಯಿತು? ಅಳಲೆಯ ಒಗರೂ ಅನ್ನಭೇದಿಯಲ್ಲಿನ ಕಬ್ಬಿಣವೂ ಕೂಡಿ, ಗಾಳಿಯ ಸಂಪರ್ಕದಿಂದ ಕಪ್ಪಾಗಿ, ನೀರಿನಲ್ಲಿ ಕರಗದ ವಸ್ತುವಾಗಿ ನಾರಿನೊಳಗೆ ನೆಲಸುತ್ತವೆ. ಯೂರೋಪಿನಲ್ಲಿಯೂ ಮಾಚಿಕಾಯಿ ಮತ್ತು ಕಬ್ಬಿಣದ ಇಂಥದೇ ಮಸಿಯಿಂದ ಶತಮಾನಗಳ ಕಾಲ ಶಾಸನಪತ್ರಗಳನ್ನು ಬರೆದರು. ಇದಕ್ಕೆ ಆಮ್ಲಗುಣವುಂಟು, ಮನೆಯಲ್ಲಿ ಮಾಡಿದ ಹಳೆಯ ಪಾಕವನ್ನು ಪೆನ್ನಿಗೆ ಹಾಕಿದರೆ ಉಕ್ಕಿನ ಮುಳ್ಳು ಸವೆಯುತ್ತದೆ. ಪೆನ್ನಿಗೆ ತಕ್ಕಂತೆ ಸೌಮ್ಯವಾಗಿ ಮಾಡಿದ ಕಬ್ಬಿಣದ ಮಸಿಗಳೂ, ನೀರಿಗೆ ಜಗ್ಗದ ಸೂಕ್ಷ್ಮವಾದ ಕಣಗಳ ಮಸಿಗಳೂ ಇಂದು ದೊರೆಯುತ್ತವೆ. ಆದುದರಿಂದ ಅಭ್ಯಾಸಕ್ಕೆ ತೊಳೆದುಹೋಗುವ ನೀಲಿ, ಉಳಿಯಬೇಕಾದ ಬರಹಕ್ಕೆ ಉಳಿಯುವ ಮಸಿ ಎಂಬ ವಿವೇಕವಿರಬೇಕು. ಎರಡನ್ನು ಒಂದೇ ಪೆನ್ನಿನಲ್ಲಿ ಬೆರೆಸಕೂಡದು. ಬದಲಾಯಿಸುವಾಗ ಪೆನ್ನನ್ನು ಚೆನ್ನಾಗಿ ತೊಳೆಯಬೇಕು.

ಇನ್ನು ಕಾಗದ. ಇದನ್ನು ಕೊನೆಗೆ ಹೇಳಿದರೂ, ಕೊಳ್ಳುವಾಗ ಇದನ್ನೇ ಮೊದಲು ಯೋಚಿಸತಕ್ಕದ್ದು. ಕಾಗದವೆಂದರೆ ಒತ್ತಾಗಿ ಹೆಣೆದುಕೊಂಡ ನಾರು. ನಾರುಗಳ ನಡುವೆ ಕೂದಲೆಳೆಗಿಂತ ಕಿರಿದಾದ ಸಂದುಗಳು. ಮುಳ್ಳಿನ ಸೀಳು ಯಾವ ನ್ಯಾಯದಿಂದ ಮಸಿಯನ್ನು ತುದಿಗೆ ತರುತ್ತದೆಯೋ ಅದೇ ನ್ಯಾಯದಿಂದ ಈ ಸಂದುಗಳೂ ಅದನ್ನು ತಮ್ಮೆಡೆಗೆ ಸೆಳೆಯುತ್ತವೆ. ಪೆನ್ನು ಹಿತಮಿತವಾಗಿ ಕೊಡುವ ಮಸಿಯನ್ನು ಕಾಗದ ಅತ್ಯಾಶೆಯಿಂದ ಎಳೆದುಕೊಂಡರೆ, ಗೆರೆ ಬೇರು ಬಿಟ್ಟಂತೆ ಸುತ್ತಲೂ ಹರಡುತ್ತದೆ. ಇಲ್ಲವೆ ಹಿಂಬದಿಗೆ ಇಳಿಯುತ್ತದೆ. ಮಸಿ ಹೀರುವ ಕಾಗದದ ಗುಣ ಇದೇ. ಅಲ್ಲಿ ಅದು ಗುಣ, ಬರೆಯುವ ಹಾಳೆಯಲ್ಲಿ ಅದೇ ದೋಷ. ಇದನ್ನು ತಡೆಯುವುದಕ್ಕಾಗಿ ಪಂಚೆಗೆ ಗಂಜಿ ಹಾಕುವಂತೆ ಕಾಗದಕ್ಕೂ ಒಂದು ಸಂಸ್ಕಾರ ಉಂಟು. ಈ ದೇಶದ ಹಳೆಯ ಕೈಕಾಗದಕ್ಕೆ ಗಂಜಿ ಬಳಿದು, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಿದ್ದರು. ಯೂರೋಪಿನಲ್ಲಿ ಪ್ರಾಣಿಗಳ ಚರ್ಮದಿಂದ ತೆಗೆದ ಸರೇಸಿನಲ್ಲಿ ಅದ್ದುತ್ತಿದ್ದರು. ೧೮೦೭ರಲ್ಲಿ ಜರ್ಮನಿಯ ಇಲ್ಲಿಗ್ ಎಂಬುವನು ರಾಳವನ್ನೂ ಪಟಿಕವನ್ನೂ ಕಾಗದದ ಗಂಜಿಗೇ ಬೆರೆಸುವ ಸುಲಭ ಮಾರ್ಗವನ್ನು ಪ್ರಕಟಿಸಿದನು. ಅದರಿಂದ ಕಾಗದ ಅಗ್ಗವಾಯಿತು; ಆದರೆ ಪಟಿಕದ ಆಮ್ಲ ನಾರನ್ನು ಒಳಗಿನಿಂದಲೇ ತಿನ್ನತೊಡಗಿತು. ನೂರು ವರ್ಷದ ಪುಸ್ತಕಗಳು ಕಂದಿ, ಮುಟ್ಟಿದರೆ ಹಪ್ಪಳದಂತೆ ಮುರಿಯುವುದಕ್ಕೆ ಇದು ಒಂದು ಮುಖ್ಯ ಕಾರಣ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಮ್ಲವಿಲ್ಲದ ಸಂಸ್ಕಾರ ಬಳಕೆಗೆ ಬಂತು. ಉಳಿಯಬೇಕಾದ ಬರಹಕ್ಕೆ ಆಮ್ಲರಹಿತವೆಂದು ಗುರುತಿರುವ ಕಾಗದವನ್ನೇ ಕೊಳ್ಳುವುದು ಲೇಸು.

ಕನ್ನಡ ನಾಡು ಕಾಗದಕ್ಕೆ ಅಪರಿಚಿತವಲ್ಲ. ಭದ್ರಾವತಿಯಲ್ಲಿ ೧೯೩೬ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆ ಬಹುಕಾಲ ನಾಡಿನ ಬರವಣಿಗೆಗೂ ಮುದ್ರಣಕ್ಕೂ ಹಾಳೆಯನ್ನೊದಗಿಸಿತು. ೨೦೧೫ರ ಸುಮಾರಿಗೆ ಅಲ್ಲಿ ಉತ್ಪಾದನೆ ನಿಂತಿತು. ದಾಂಡೇಲಿಯಲ್ಲಿ ೧೯೫೫ರಲ್ಲಿ ಸ್ಥಾಪನೆಯಾದ ಕಾರ್ಖಾನೆ ಬರೆಯುವ ಕಾಗದವನ್ನೂ ಮುದ್ರಣದ ಕಾಗದವನ್ನೂ ಮಾಡುತ್ತ ಬಂದಿದೆ. ಆದರೆ ಹೆಸರನ್ನು ನೋಡಿ ಕೊಳ್ಳುವುದಕ್ಕಿಂತ ಪರೀಕ್ಷೆ ಮಾಡಿ ಕೊಳ್ಳುವುದೇ ಉತ್ತಮ. ಹಾಳೆ ದಪ್ಪವಿದ್ದರೆ ಒಳ್ಳೆಯದೆಂಬ ನಂಬಿಕೆ ಸರ್ವೇಸಾಮಾನ್ಯವಾಗಿದೆ. ಅದು ಪೂರ್ತಿ ನಿಜವಲ್ಲ. ಯಂತ್ರದ ಪ್ರತಿಗಳಿಗೆ ಉಪಯೋಗಿಸುವ ಕಾಗದ ಚದರ ಮೀಟರಿಗೆ ಸುಮಾರು ೭೦ರಿಂದ ೮೦ ಗ್ರಾಂ ತೂಗಿದರೂ ಅದರಲ್ಲಿ ಎಷ್ಟೋ ಬಗೆಗಳಲ್ಲಿ ಮಸಿ ಹರಡುತ್ತದೆ. ಜಪಾನಿನ ತೊಮೊಎ ರಿವರ್ ಎಂಬ ಕಾಗದ ಕೇವಲ ೫೨ ಗ್ರಾಂ ತೂಗಿದರೂ ಅದರ ಮೇಲೆ ಗೆರೆ ಸ್ವಚ್ಛವಾಗಿ ನಿಲ್ಲುತ್ತದೆ. ತೂಕಕ್ಕಿಂತ ಸಂಸ್ಕಾರ ಮುಖ್ಯ. ಈ ಮಾತು ಕಾಗದಕ್ಕೆ ಮಾತ್ರ ಸಲ್ಲತಕ್ಕದ್ದಲ್ಲ.

ಪರೀಕ್ಷೆ ಹೀಗೆ. ಮಸಿ ತುಂಬಿದ ಪೆನ್ನನ್ನು ಅಂಗಡಿಗೆ ಒಯ್ದು, ಅಂಗಡಿಯವನ ಅನುಮತಿಯಿಂದ ಒಂದು ಹಾಳೆಯ ಮೂಲೆಯಲ್ಲಿ ‘ರಾಷ್ಟ್ರ’, ‘ಲಕ್ಷ್ಮಿ’, ‘ಜ್ಯೋತ್ಸ್ನೆ’ ಎಂಬ ಮೂರು ಪದಗಳನ್ನು ಬರೆಯಬೇಕು. ಇವುಗಳಲ್ಲಿ ಒತ್ತಿನ ಕೆಳಗೆ ಒತ್ತು ಬರುತ್ತದೆ. ಕನ್ನಡದ ಬರಹಕ್ಕೆ ಇವಕ್ಕಿಂತ ಕಠಿನವಾದ ಪರೀಕ್ಷಕರು ದುರ್ಲಭ. ಅರ್ಧ ನಿಮಿಷ ಬಿಟ್ಟು ನೋಡಿದಾಗ ಒತ್ತಕ್ಷರಗಳ ಕಣ್ಣುಗಳು ತೆರೆದೇ ಇರಬೇಕು; ಗೆರೆಯ ಅಂಚಿನಲ್ಲಿ ಬೇರುಗಳು ಒಡೆದಿರಬಾರದು; ಹಾಳೆಯನ್ನು ತಿರುವಿದರೆ ನೆರಳು ಕಂಡರೂ ಚಿಂತೆಯಿಲ್ಲ, ಚುಕ್ಕೆ ಇಳಿದಿರಬಾರದು. ಇಂಥ ಕಾಗದದ ಮೇಲೆ ಮಸಿ ಒಣಗುವುದು ಕೊಂಚ ನಿಧಾನ. ಅದಕ್ಕೆ ಹೀರುವ ಕಾಗದದ ಒಂದು ತುಂಡನ್ನು ಇಟ್ಟುಕೊಂಡರಾಯಿತು. ಎಡಗೈಯಿಂದ ಬರೆಯುವವರು ಮಾತ್ರ ಬೇಗ ಒಣಗುವ ಮಸಿಯನ್ನು ಆರಿಸಬೇಕು. ಅವರ ಕೈ ಬರೆದ ಅಕ್ಷರದ ಮೇಲೆಯೇ ಹಾದು ಬರುತ್ತದೆ. ನೋಡಲು ಸೊಗಸಾದ ಒರಟು ಕೈಕಾಗದಗಳಲ್ಲಿ ಕೆಲವಕ್ಕೆ ಸಂಸ್ಕಾರ ಸಾಲದು. ಅವುಗಳ ಎಳೆ ಮುಳ್ಳಿನ ಸೀಳಿಗೆ ಸಿಕ್ಕಿಕೊಳ್ಳುವುದೂ ಉಂಟು. ಗೆರೆ ಹಾಕ��ದ ಪುಸ್ತಕವಾದರೆ ಗೆರೆಗಳ ನಡುವಣ ಅಂತರ ಎಂಟು ಮಿಲಿಮೀಟರಿಗೆ ಕಡಿಮೆಯಿರದಿದ್ದರೆ ಒಳ್ಳೆಯದು. ಕನ್ನಡದ ಅಕ್ಷರಕ್ಕೆ ಮೇಲೆ ಗುಡಿಸೂ ಕೆಳಗೆ ಒತ್ತೂ ಇರುವುದರಿಂದ ಅದಕ್ಕೆ ತಲೆಯ ಮೇಲೂ ಕಾಲ ಕೆಳಗೂ ಜಾಗ ಬೇಕು.

ಮತ್ತೊಂದು ಸಂಗತಿ. ಹಳೆಯ ಓಲೆಗ್ರಂಥಗಳ ಕೊನೆಯಲ್ಲಿ ಲಿಪಿಕಾರರು, ಈ ಗ್ರಂಥವನ್ನು ನೀರಿನಿಂದಲೂ ಎಣ್ಣೆಯಿಂದಲೂ ಕಾಪಾಡಬೇಕೆಂದು ಓದುಗರನ್ನು ಬೇಡಿಕೊಳ್ಳುವ ಸಂಪ್ರದಾಯವಿತ್ತು. ಎಣ್ಣೆಯ ಮಾತು ಇಂದಿಗೂ ಸಲ್ಲುತ್ತದೆ. ಬೆರಳಿನ ಜಿಡ್ಡು ತಗುಲಿದ ಎಡೆಯಲ್ಲಿ ನೀರಿನ ಮಸಿ ಹಿಡಿಯದೆ ಅಕ್ಷರ ಕಡಿದುಹೋಗುತ್ತದೆ. ಪೆನ್ನು ತಡೆಯಿತೆಂದು ಕೊಡವಿ ಗೋಡೆಗೆಲ್ಲ ಮಸಿ ಚಿಮುಕಿಸುವುದಕ್ಕೆ ಮುಂಚೆ, ಅಂಗೈಯ ಕೆಳಗೆ ಒಂದು ಬೇರೆ ಹಾಳೆಯನ್ನಿಟ್ಟು ನೋಡಬೇಕು. ಪೆನ್ನಿನ ಆರೈಕೆಗೂ ಹೆಚ್ಚಿನ ಶ್ರಮವಿಲ್ಲ. ಬರೆಯುವುದು ನಿಂತೊಡನೆ ಮುಚ್ಚಳ ಹಾಕುವುದು. ಜೇಬಿನಲ್ಲಿ ಮುಳ್ಳು ಮೇಲಾಗಿರುವಂತೆ ಇಡುವುದು. ತಿಂಗಳಿಗೊಮ್ಮೆ ತಣ್ಣೀರಿನಲ್ಲಿ ತಿಳಿಯಾಗುವವರೆಗೆ ತೊಳೆಯುವುದು, ಕಬ್ಬಿಣದ ಮಸಿಯಾದರೆ ಇನ್ನೂ ಬೇಗ. ಬಹುದಿನ ಬರೆಯುವುದಿಲ್ಲವೆಂದಾದರೆ ಬರಿದುಮಾಡಿ ಇಡುವುದು. ಇಷ್ಟೇ. ಬಿಸಿನೀರು ಬೇಡ.

ಅಭ್ಯಾಸಕ್ಕೆ ದಿನಕ್ಕೆ ಹತ್ತು ಸಾಲು ಸಾಕು. ಆದರೆ ಒಂದು ತಿಂಗಳು ತಪ್ಪಬಾರದು. ಪೆನ್ನನ್ನು ನೆಟ್ಟಗೆ ಹಿಡಿಯದೆ, ಹಾಳೆಗೆ ಸುಮಾರು ಅರ್ಧ ಲಂಬಕೋನದಷ್ಟು ಓರೆಯಾಗಿ ಹಿಡಿಯಬೇಕು. ಮುಳ್ಳಿನ ಬೆನ್ನು ಯಾವಾಗಲೂ ಮೇಲಕ್ಕಿರಬೇಕು. ಮೊದಲ ವಾರ ಗ, ರ, ಠ ಮೊದಲಾದ ದುಂಡನೆಯ ಅಕ್ಷರಗಳನ್ನೇ ದೊಡ್ಡದಾಗಿ ಬರೆಯುವುದು, ಅನಂತರ ಒತ್ತಕ್ಷರಗಳು, ಆಮೇಲೆ ಗಾತ್ರವನ್ನು ಇಳಿಸುವುದು. ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಿದಾಗ ಅದು ಮುಂಬದಿಯಷ್ಟೇ ನುಣುಪಾಗಿದ್ದರೆ ಕೈ ದಾರಿಗೆ ಬಂದಿತೆಂದು ತಿಳಿಯಬಹುದು. ಮಕ್ಕಳಿಗೆ ಕಲಿಸುವಾಗ ಅಕ್ಷರ ಅಂದವಾಗಿಲ್ಲವೆಂದು ಹೇಳುವುದಕ್ಕಿಂತ, ಹಗುರವಾಗಿ ಹಿಡಿ ಎಂದು ಹೇಳುವುದು ಹೆಚ್ಚು ಫಲಕಾರಿ. ಕೈ ಹಗುರವಾದರೆ ಅಂದ ತಾನಾಗಿ ಬರುತ್ತದೆ.

ಇಷ್ಟೆಲ್ಲ ಶ್ರಮಪಟ್ಟು ಬರೆಯಬೇಕಾದುದೇನು ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ವ್ಯವಹಾರದ ಬರಹವೆಲ್ಲ ಈಗ ಯಂತ್ರದ ಪಾಲಾಗಿದೆ; ವಿದ್ಯಾವಂತರ ಮನೆಗಳಲ್ಲಿಯೂ ಕನ್ನಡವನ್ನು ಸರಾಗವಾಗಿ ಓದಬಲ್ಲ, ಆದರೆ ರುಜುವಿನ ಹೊರತು ಕೈಯಿಂದ ಏನನ್ನೂ ಬರೆಯದ ತರುಣರು ಹಲವರಿದ್ದಾರೆ. ಯಂತ್ರದ ಅಕ್ಷರ ಎಲ್ಲರಿಗೂ ಒಂದೇ. ತಂದೆಯ ಅಕ್ಷರ, ಅಜ್ಜಿಯ ಅಕ್ಷರ ಎಂಬುದು ಅವರವರ ಕೈಯಿಂದ ಬರೆದಲ್ಲದೆ ಮತ್ತೆಲ್ಲಿಯೂ ಸಿಕ್ಕುವುದಲ್ಲ; ಅವರು ಹೋದ ಮೇಲೆ ಅದನ್ನು ಮಾಡಿಸಿಕೊಳ್ಳಲು ಸಾಧ್ಯವೂ ಇಲ್ಲ. ವರ್ಷಕ್ಕೊಂದು ದಿನ, ಯುಗಾದಿಯೋ ವಿಜಯದಶಮಿಯೋ, ಮನೆಯವರೆಲ್ಲ ಒಂದೊಂದು ಪುಟವನ್ನು ತಮ್ಮ ಕೈಯಿಂದ ಬರೆದು, ತಾರೀಖು ಹಾಕಿ, ಒಂದೇ ಕಟ್ಟಿನಲ್ಲಿ ಸೇರಿಸಿಡುವುದು ಹೆಚ್ಚಿನ ವೆಚ್ಚದ ಕೆಲಸವಲ್ಲ. ಏನನ್ನು ಬರೆದರೂ ಸರಿ: ಆ ವರ್ಷದ ಮಳೆ, ಮನೆಗೆ ಬಂದ ಸೊಸೆ, ಸತ್ತ ಹಸು, ಹೊಸದಾಗಿ ಕಲಿತ ಅಡುಗೆ. ಅದಕ್ಕೆ ಮಾತ್ರ ಆಮ್ಲವಿಲ್ಲದ ಕಾಗದವನ್ನೂ ನೀರಿಗೆ ಅಳಿಯದ ಮಸಿಯನ್ನೂ ಹುಡುಕಿ ತರಬೇಕು. ಪೆನ್ನು ಯಾವುದಾದರೂ ಆದೀತು.